ಜಲಾಶಯ ಬಂದಾಗ ರಸ್ತೆ ಎಲ್ಲಿ ಹೋಗಬೇಕು?

ಅಣೆಕಟ್ಟಿನ ಮಾತು ಬಂದೊಡನೆ ನಾವು ಗದ್ದೆ ತೋಟದ ಲೆಕ್ಕ ಹಾಕುತ್ತೇವೆ, ರಸ್ತೆಯನ್ನು ಮರೆಯುತ್ತೇವೆ. ಸಾಗರ ತಾಲ್ಲೂಕಿನ ಸಂಗತಿ ನೋಡಿ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಹಿನ್ನೀರು ಹರಡಿ, ತುಮರಿ ಕಡೆಯ ಹಳ್ಳಿಗಳಿಗೆ ಸಾಗರದ ನೇರ ದಾರಿ ತಪ್ಪಿತು. ಅಡಿಕೆ ಮೂಟೆಯಾಗಲಿ, ಹೆರಿಗೆ ನೋವಿನ ಹೆಂಗಸಾಗಲಿ, ದೋಣಿಯನ್ನೋ ಲಾಂಚನ್ನೋ ಕಾಯಬೇಕಾಯಿತು. ರಾತ್ರಿಯಾದರೆ ದೂರದ ಸುತ್ತು. ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. 61 ವರ್ಷ!

ಹೀಗಾಗುವುದೇಕೆ? ನಿಂತ ನೀರಿಗೆ ಎಲ್ಲೆಡೆ ಒಂದೇ ಮಟ್ಟ. ಲಿಂಗನಮಕ್ಕಿ ತುಂಬಿದಾಗ ಅದು ಸಮುದ್ರಮಟ್ಟದಿಂದ 1819 ಅಡಿ. ರಸ್ತೆ ಒಂಬತ್ತು ಮೈಲಿ ದಿಣ್ಣೆಯ ಮೇಲಿದ್ದು, ಒಂದೇ ಫರ್ಲಾಂಗು ಈ ಮಟ್ಟಕ್ಕಿಂತ ಕೆಳಗಿಳಿದರೂ ಸಾಕು, ಸಂಚಾರ ನಿಂತಿತು. ಹೊಸ ದಾರಿ ಒಂದೋ ದಿಣ್ಣೆ ಹಿಡಿದು ಸುತ್ತಬೇಕು, ಇಲ್ಲವೇ ಸೇತುವೆ ದಾಟಬೇಕು. ಸುತ್ತುದಾರಿಗೆ ಕಟ್ಟುವ ಖರ್ಚು ಕಡಿಮೆ ಎನ್ನುತ್ತಾರೆ; ಆದರೆ ದಿನದಿನದ ಬಾಡಿಗೆ ಕೊಡುವವರು ನಾವು.

ಆದ್ದರಿಂದ ಅಳತೆಯವರು ಬಂದಾಗ ಮುಳುಗಡೆಯ ಗಡಿ ಎಲ್ಲೆಂದು ಕೇಳಿ, ಅವರೊಂದಿಗೆ ನಡೆದು ನೋಡಿ. ಹೆದ್ದಾರಿ ಅವರ ನಕಾಶೆಯಲ್ಲಿ ಇದ್ದೇ ಇರುತ್ತದೆ. ಬಂಡಿದಾರಿ, ದನದ ದಾರಿ, ಮಕ್ಕಳು ಶಾಲೆಗೆ ಹೋಗುವ ಕಾಲುದಾರಿ ಇವೆಯೇ? ಇಲ್ಲವಾದರೆ ಪಂಚಾಯತಿಯಲ್ಲಿ ನಿರ್ಣಯ ಬರೆಸಿ, ನೀರು ನಿಲ್ಲುವ ಮೊದಲೇ ಕಳುಹಿಸಿ.