ಕನಿಷ್ಠ ವೇತನ ಏರಿಕೆ ಮತ್ತು ಎಣಿಕೆ ದರದ ಕೆಲಸ

ಕರ್ನಾಟಕದಲ್ಲಿ ಕನಿಷ್ಠ ವೇತನದೊಡನೆ ಸೇರುವ ತುಟ್ಟಿಭತ್ಯೆಯು ಬೆಲೆ ಸೂಚ್ಯಂಕವನ್ನು ಅನುಸರಿಸಿ ಪ್ರತಿ ವರ್ಷ ಏಪ್ರಿಲ್ 1ರಿಂದ ಬದಲಾಗುತ್ತ ಬಂದಿದೆ. ಆದ್ದರಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ವರ್ತಕರೂ ಸಣ್ಣ ಉದ್ದಿಮೆದಾರರೂ ಈ ಏರಿಕೆಯನ್ನು ಆಕಸ್ಮಿಕ ವೆಚ್ಚವೆಂದೆಣಿಸದೆ ಬೆಲೆ ನಿಗದಿಯಲ್ಲಿಯೇ ಸೇರಿಸಿಕೊಳ್ಳುವುದು ವಿಹಿತ.

ಅಡಿಕೆ ಸುಲಿಯುವುದು, ಹಪ್ಪಳ ಒತ್ತುವುದು ಮುಂತಾದ ಕೆಲಸಗಳಿಗೆ ತೂಕದ ಅಥವಾ ಎಣಿಕೆಯ ದರ ಕೊಡುವ ರೂಢಿಯುಂಟು. ಇವುಗಳಿಗೆ ಕನಿಷ್ಠ ವೇತನ ಅನ್ವಯಿಸದೆಂಬ ಭಾವನೆ ಸರಿಯಲ್ಲ. ದಿನಗೂಲಿ ಮಾತ್ರ ನಿಗದಿಯಾಗಿರುವ ಕೆಲಸದಲ್ಲಿ ಎಣಿಕೆ ದರದವರಿಗೂ ಅದಕ್ಕಿಂತ ಕಡಿಮೆ ಕೊಡುವಂತಿಲ್ಲವೆಂಬ 1948ರ ಕಾಯ್ದೆಯ ನಿಯಮವನ್ನು, 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯೂ ಉಳಿಸಿಕೊಂಡಿದೆ. ಕಡಿಮೆ ಕೊಟ್ಟಲ್ಲಿ 50,000 ರೂಪಾಯಿವರೆಗೆ ದಂಡವುಂಟು.

ಉದಾಹರಣೆಗೆ, ದಿನದ ವೇತನ 500 ರೂಪಾಯಿ, ಒಬ್ಬರ ಉತ್ಪಾದನೆ 500 ಹಪ್ಪಳವೆಂದುಕೊಳ್ಳೋಣ. ಹಪ್ಪಳವೊಂದರ ಕೂಲಿ 1 ರೂಪಾಯಿ. ವೇತನ 550 ಆದರೆ ಕೂಲಿ 1 ರೂಪಾಯಿ 10 ಪೈಸೆ. ಹಿಟ್ಟು, ಮಣೆ, ಒಣಗಿಸುವ ಜಾಗ ಸಕಾಲದಲ್ಲಿ ಸಿದ್ಧವಿದ್ದು 550 ಹಪ್ಪಳವಾದರೆ ಕೂಲಿ ಮತ್ತೆ 1 ರೂಪಾಯಿಗೇ ಇಳಿಯುತ್ತದೆ. ಉಳಿತಾಯವನ್ನು ಕೆಲಸದ ವ್ಯವಸ್ಥೆಯಲ್ಲಿ ಹುಡುಕಬೇಕು. ಕೂಲಿಯನ್ನು ಕುಗ್ಗಿಸಿದರೆ ಹಂಗಾಮಿನಲ್ಲಿ ನುರಿತ ಕೈಗಳು ದೊರೆಯುವುದು ಕಷ್ಟ. ಪ್ರತಿಯೊಬ್ಬರ ಕೆಲಸದ ಗಂಟೆ, ಎಣಿಕೆ, ಪಾವತಿಗಳನ್ನು ವಹಿಯಲ್ಲಿ ಬರೆದಿಡುವುದು ಇದರ ಮೊದಲ ಹೆಜ್ಜೆ.