ಹೊಸ ಕೊಳಕ್ಕೆ ಸೀಗಡಿ ಮರಿ: ಬಿತ್ತನೆಯ ದಿನದ ಎಚ್ಚರಿಕೆಗಳು

ಕರಾವಳಿಯ ಚೌಳು ನೀರಿನ ಕೊಳಗಳಲ್ಲಿ ಸೀಗಡಿ ಬೆಳೆ ಕೈಕೊಟ್ಟಾಗ ಆಹಾರವನ್ನೋ ರೋಗವನ್ನೋ ದೂರುವುದು ವಾಡಿಕೆ. ಆದರೆ ಎಷ್ಟೋ ಕೊಳಗಳಲ್ಲಿ ಬೆಳೆ ಹಾಳಾಗುವುದು ಮರಿ ಬಿಟ್ಟ ಮೊದಲ ಒಂದೆರಡು ದಿನಗಳಲ್ಲಿಯೇ. ಸತ್ತ ಮೀನು ಸಾಮಾನ್ಯವಾಗಿ ನೀರಿನ ಮೇಲೆ ತೇಲಿ ಕಣ್ಣಿಗೆ ಬೀಳುತ್ತದೆ. ಬತ್ತದ ಕಾಳಿನಷ್ಟಿರುವ ಸೀಗಡಿ ಮರಿ ಸತ್ತರೆ ತಳಕ್ಕಿಳಿದು ಕೆಸರಿನಲ್ಲಿ ಸೇರಿಹೋಗುತ್ತದೆ. ಇದನ್ನರಿಯದ ರೈತನು ಇಲ್ಲದ ಬೆಳೆಗೆ ಲೆಕ್ಕ ಹಾಕಿ ಆಹಾರ ಕೊಡುತ್ತಾನೆ. ತಿನ್ನುವ ಬಾಯಿಲ್ಲದ ಆಹಾರ ತಳದಲ್ಲಿ ಕೊಳೆತು, ಬದುಕುಳಿದ ಮರಿಗಳಿಗೂ ಕಂಟಕವಾಗುತ್ತದೆ. ಆದುದರಿಂದ ಬಿತ್ತನೆಯ ದಿನದ ಮೂರು ನಾಲ್ಕು ಗಂಟೆಗಳ ತಾಳ್ಮೆ ಇಡೀ ಬೆಳೆಯ ಬಂಡವಾಳವನ್ನು ಕಾಯುತ್ತದೆ.

ಮರಿಗಳು ಸಾಯುವುದೇಕೆ?

ಸಮುದ್ರದ ನೀರಿನ ಲವಣಾಂಶ ಸಾವಿರಕ್ಕೆ ಸುಮಾರು 35 ಭಾಗ. ಅಘನಾಶಿನಿ, ಶರಾವತಿಗಳಂತಹ ನದಿಗಳ ಅಳಿವೆಗಳಲ್ಲಿ ಇದು ಮಳೆಗಾಲದಲ್ಲಿ ತೀರಾ ಇಳಿದು, ಬೇಸಿಗೆಯಲ್ಲಿ ಮತ್ತೆ ಏರುತ್ತದೆ. ಸೀಗಡಿಯು (ಮಂಗಳೂರು ಕಡೆಯ ಎಟ್ಟಿ, ಕುಂದಾಪುರ ಕಡೆಯ ಚಟ್ಲಿ) ಈ ಏರಿಳಿತವನ್ನು ತಾಳಬಲ್ಲ ಪ್ರಾಣಿ. ನೀರಿನ ಉಪ್ಪು ಕಡಿಮೆಯಾದಾಗ ಕಿವಿರುಗಳ ಮೂಲಕ ನೀರು ದೇಹದೊಳಕ್ಕೆ ನುಗ್ಗುತ್ತದೆ, ಲವಣಗಳು ಹೊರಕ್ಕೆ ಸೋರುತ್ತವೆ. ಇದನ್ನು ಸರಿದೂಗಿಸಿಕೊಳ್ಳುವ ಶಕ್ತಿ ಅದಕ್ಕುಂಟು. ಆದರೆ ಅದಕ್ಕೆ ಕೆಲವು ಗಂಟೆಗಳ ಅವಕಾಶ ಬೇಕು. ಹೀಗಾಗಿ ಮರಿಗಳನ್ನು ಕೊಲ್ಲುವುದು ಬಹುಮಟ್ಟಿಗೆ ಲವಣಾಂಶವಲ್ಲ, ಅದರ ಹಠಾತ್ ಬದಲಾವಣೆ. ಉಷ್ಣತೆ ಮತ್ತು ರಸಸಾರಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಕೊಳ ಸಿದ್ಧವಾಗಿದೆಯೇ?

ಹೊಸದಾಗಿ ತೋಡಿದ ಕೊಳಕ್ಕೆ ನೀರು ತುಂಬಿದ ಮರುದಿನವೇ ಮರಿ ಬಿಡಬಾರದು. ಹಿಂದೆ ಕಾಂಡ್ಲ ಬೆಳೆದಿದ್ದಂತಹ ಜೌಗು ಮಣ್ಣಿನಲ್ಲಿ ಗಂಧಕದ ಅಂಶವಿದ್ದರೆ, ಅಗೆದು ಗಾಳಿಗೆ ಒಡ್ಡಿದಾಗ ಅದು ಆಮ್ಲವಾಗಿ ಮಾರ್ಪಡುತ್ತದೆ. ಬದುವಿನ ಮೇಲೆ ತುಕ್ಕಿನ ಬಣ್ಣ ಕಾಣಿಸಿದರೆ ನೀರು ತುಂಬಿ ಹೊರಬಿಡುವ ಕೆಲಸವನ್ನು ಹಲವು ಬಾರಿ ಮಾಡಿ, ಮಣ್ಣು ಪರೀಕ್ಷೆಯ ಪ್ರಕಾರ ಸುಣ್ಣ ಹಾಕಬೇಕು. ನೀರನ್ನು ಒತ್ತು ಹೆಣಿಗೆಯ ಬಲೆಯ ಮೂಲಕ ಸೋಸಿಯೇ ತುಂಬಬೇಕು. ಇಲ್ಲದಿದ್ದರೆ ಏಡಿ ಮತ್ತು ಮೀನುಗಳು ಒಳಸೇರಿ ಮರಿಗಳನ್ನು ತಿನ್ನುತ್ತವೆ. ನೀರು ತಿಳಿ ಹಸಿರು ಅಥವಾ ಕಂದು ಬಣ್ಣಕ್ಕೆ ತಿರುಗಿ, ಅದರಲ್ಲಿ ಇಳಿಬಿಟ್ಟ ಬಿಳಿ ತಟ್ಟೆಯು 30ರಿಂದ 40 ಸೆಂಟಿಮೀಟರ್ ಆಳದಲ್ಲಿ ಮರೆಯಾದರೆ ಮರಿಗಳಿಗೆ ಬೇಕಾದ ಸೂಕ್ಷ್ಮಜೀವಿಗಳ ಆಹಾರ ಸಿದ್ಧವಾಗಿದೆ ಎಂದು ತಿಳಿಯಬಹುದು. ರಸಸಾರ 7.5ರಿಂದ 8.5ರ ನಡುವೆ ಇರುವುದು ಉತ್ತಮ.

ಮರಿಗಳ ಆಯ್ಕೆ

ಮರಿಗಳು ಹೆಚ್ಚಾಗಿ ಆಂಧ್ರಪ್ರದೇಶ ಮತ್ತು ತಮಿಳುನಾಡಿನ ಮರಿ ಉತ್ಪಾದನಾ ಕೇಂದ್ರಗಳಿಂದ ಬರುತ್ತವೆ. ಹುಲಿ ಸೀಗಡಿಯಾಗಲಿ, 2009ರಿಂದ ನಮ್ಮ ದೇಶದಲ್ಲಿ ಸಾಕಲು ಅನುಮತಿ ದೊರೆತ ವನ್ನಾಮಿ ಸೀಗಡಿಯಾಗಲಿ, ರೋಗ ಪರೀಕ್ಷೆಯಾದ ಮರಿಗಳನ್ನೇ ಕೊಳ್ಳಬೇಕು. 1990ರ ದಶಕದ ನಡುವಿನಲ್ಲಿ ಕಾಣಿಸಿಕೊಂಡ ಬಿಳಿ ಚುಕ್ಕೆ ರೋಗಕ್ಕೆ ಈಗಲೂ ಔಷಧವಿಲ್ಲ. ಬಗ್ಗಡವಿಲ್ಲದ ಬೋಗುಣಿಯಲ್ಲಿ ಮರಿಗಳನ್ನು ಹಾಕಿ ಕೈಯಿಂದ ನೀರನ್ನು ಸುತ್ತಿಸಿ ನೋಡುವುದು ಸರಳ ಪರೀಕ್ಷೆ. ಗಟ್ಟಿ ಮರಿಗಳು ಸುಳಿಗೆ ಎದುರಾಗಿ ಈಜುತ್ತವೆ, ಅಥವಾ ಅಂಚಿಗೆ ಅಂಟಿಕೊಳ್ಳುತ್ತವೆ. ದುರ್ಬಲ ಮರಿಗಳು ನಡುವೆ ಗುಂಪುಗೂಡುತ್ತವೆ. ಕೊಳದ ಲವಣಾಂಶವನ್ನು ಕೇಂದ್ರಕ್ಕೆ ಕೆಲವು ದಿನ ಮುಂಚಿತವಾಗಿಯೇ ತಿಳಿಸಿದರೆ, ಅಲ್ಲಿಯೇ ಮರಿಗಳನ್ನು ಅದಕ್ಕೆ ಹತ್ತಿರ ತರಲು ಸಾಧ್ಯ. ಅಂತರ ಹೆಚ್ಚಿದ್ದಾಗ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಒಗ್ಗಿಸುವ ಕ್ರಮ

ಮರಿಗಳು ಬೆಳಗಿನ ಜಾವ ಅಥವಾ ಸಂಜೆಯ ತಂಪಿನಲ್ಲಿ ತಲುಪುವಂತೆ ಏರ್ಪಾಡು ಮಾಡಬೇಕು. ಚೀಲಗಳನ್ನು ಬಿಚ್ಚದೆ ಅರ್ಧ ಗಂಟೆ ಕೊಳದ ನೀರಿನಲ್ಲಿ, ನೆರಳಿನಲ್ಲಿ, ತೇಲಿಬಿಟ್ಟರೆ ಒಳಗಿನ ಮತ್ತು ಹೊರಗಿನ ಉಷ್ಣತೆ ಸಮನಾಗುತ್ತದೆ. ಬಳಿಕ ಒಂದು ಚೀಲ ಬಿಚ್ಚಿ ಲವಣಾಂಶ ಮತ್ತು ರಸಸಾರ ಅಳೆಯಬೇಕು.

ಚೀಲ ಬಿಚ್ಚಿದ ಮೇಲೆ ಸುಮ್ಮನೆ ಬಿಡಬಾರದು. ಪ್ರಯಾಣದಲ್ಲಿ ಮರಿಗಳ ಮಲಮೂತ್ರದಿಂದ ಅಮೋನಿಯಾ ಸೇರಿರುತ್ತದೆ; ಜೊತೆಗಿರುವ ಇಂಗಾಲಾಮ್ಲವು ರಸಸಾರವನ್ನು ತಗ್ಗಿಸಿ ಅದರ ವಿಷವನ್ನು ಅಡಗಿಸಿರುತ್ತದೆ. ಬಾಯಿ ಬಿಚ್ಚಿದೊಡನೆ ಇಂಗಾಲಾಮ್ಲ ಹಾರಿಹೋಗಿ ರಸಸಾರ ಏರುತ್ತದೆ, ಅಮೋನಿಯಾ ವಿಷವಾಗತೊಡಗುತ್ತದೆ. ಆದ್ದರಿಂದ ಕೈಯಲ್ಲಾಗುವಷ್ಟೇ ಚೀಲಗಳನ್ನು ಬಿಚ್ಚಿ, ಕೂಡಲೇ ಕೊಳದ ನೀರು ಸೇರಿಸುವುದನ್ನು ಆರಂಭಿಸಬೇಕು. ದೊಡ್ಡ ಪ್ಲಾಸ್ಟಿಕ್ ತೊಟ್ಟಿಗೆ ಸುರಿದು ಗಾಳಿ ಊದಿಸುವುದು ಮೇಲು.

ಲವಣಾಂಶದ ಬದಲಾವಣೆ ಗಂಟೆಗೆ 2ರಿಂದ 3 ಭಾಗ ಮೀರಬಾರದು. ಉದಾಹರಣೆಗೆ, ತೊಟ್ಟಿಯಲ್ಲಿ 4 ಲೀಟರ್ ನೀರು ಇದ್ದು ಅದರ ಲವಣಾಂಶ 30, ಕೊಳದ್ದು 20 ಎಂದಿಟ್ಟುಕೊಳ್ಳೋಣ. ಒಂದು ಲೀಟರ್ ಕೊಳದ ನೀರು ಸೇರಿಸಿದರೆ ಲವಣಾಂಶ 28ಕ್ಕೆ ಇಳಿಯುತ್ತದೆ. ಇನ್ನೊಂದು ಲೀಟರ್ ಸೇರಿಸಿದರೆ 26.7, ನಾಲ್ಕನೆಯದಕ್ಕೆ 25. ಎಂದರೆ ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಡುವುದು ಮೊದಲ ಲೀಟರ್. ಅದನ್ನು ಒಮ್ಮೆಲೇ ಸುರಿಯದೆ ಚೊಂಬು ಚೊಂಬಾಗಿ ಒಂದು ಗಂಟೆಯಲ್ಲಿ ಹಾಕಬೇಕು. ಉಳಿದ ಮೂರು ಲೀಟರುಗಳನ್ನು ಮುಂದಿನ ಒಂದೂವರೆ ಗಂಟೆಯಲ್ಲಿ ಸೇರಿಸಬಹುದು. ಅನಂತರ ನಿಧಾನವಾಗಿ 12 ಲೀಟರ್ ಸೇರಿಸಿದರೆ ಲವಣಾಂಶ 22ಕ್ಕೆ ಬರುತ್ತದೆ. ಉಳಿದ ಅಂತರವನ್ನು ಮರಿಗಳು ತಾಳಿಕೊಳ್ಳುತ್ತವೆ. ಕೊಳದ ಲವಣಾಂಶ 10ಕ್ಕಿಂತ ಕಡಿಮೆಯಿದ್ದರೆ ಇನ್ನೂ ನಿಧಾನ ಅವಶ್ಯ.

ಪಾತ್ರೆಗಳ ವಿಷಯದಲ್ಲಿ ಜಾಗ್ರತೆ

ತಾಮ್ರದ ಹಂಡೆ, ಹಿತ್ತಾಳೆಯ ಕೊಡ ಬಳಸಲೇಬಾರದು. ಮನುಷ್ಯನಿಗೆ ಹಿತವೆನಿಸಿದ ತಾಮ್ರ ಸೀಗಡಿಗೆ ವಿಷ. ಬತ್ತಕ್ಕೆ ಕೀಟನಾಶಕ ಬೆರೆಸಿದ ಬಕೆಟ್ಟು, ಸಿಂಪರಣಾ ಯಂತ್ರದ ಬಳಿ ಇದ್ದ ಕೊಳವೆ ಇವೂ ಬೇಡ. ಸೀಗಡಿಯೂ ಕೀಟಗಳಂತೆಯೇ ಸಂಧಿಪದಿ ವರ್ಗಕ್ಕೆ ಸೇರಿದ ಪ್ರಾಣಿ. ಕೀಟವನ್ನು ಕೊಲ್ಲುವ ಔಷಧ ಅದನ್ನೂ ಕೊಲ್ಲುತ್ತದೆ. ಮಳೆಗಾಲದಲ್ಲಿ ಕಗ್ಗ ಬತ್ತ, ಬಳಿಕ ಸೀಗಡಿ ಬೆಳೆಯುವ ಕುಮಟಾ ಕಡೆಯ ಗಜನಿ ಭೂಮಿಯ ರೈತರು ಇದನ್ನು ವಿಶೇಷವಾಗಿ ಗಮನಿಸಬೇಕು.

ಬಿಟ್ಟ ಮೇಲೆ

ತೊಟ್ಟಿಯನ್ನು ಕೊಳದಲ್ಲಿ ಮೆಲ್ಲನೆ ವಾಲಿಸಿ, ಮರಿಗಳು ತಾವಾಗಿ ಈಜಿ ಹೊರಬರುವಂತೆ ಬಿಡಬೇಕು. ಎತ್ತರದಿಂದ ಸುರಿಯಬಾರದು. ಎಲ್ಲವನ್ನೂ ಬಿಡುವ ಮುನ್ನ ಎಣಿಸಿದ 100 ಮರಿಗಳನ್ನು ಕೊಳದಲ್ಲಿಯೇ ಕಟ್ಟಿದ ಸಣ್ಣ ಕಣ್ಣಿನ ಬಲೆಯ ಚೀಲದಲ್ಲಿ ಹಾಕಿಡಬೇಕು. ಎರಡು ದಿನಗಳ ನಂತರ ಅವುಗಳನ್ನು ಎಣಿಸಿದರೆ ಕೊಳದಲ್ಲಿ ಬದುಕಿರುವವು ಎಷ್ಟೆಂಬ ಅಂದಾಜು ಸಿಗುತ್ತದೆ. 80 ಉಳಿದಿದ್ದರೆ ಲಕ್ಷ ಮರಿಗೆ ಎಂಬತ್ತು ಸಾವಿರವೆಂದೂ, 40 ಉಳಿದಿದ್ದರೆ ನಲವತ್ತು ಸಾವಿರವೆಂದೂ ಲೆಕ್ಕವಿಟ್ಟು ಆಹಾರ ಕೊಡಬೇಕು. ಕಡಿಮೆ ಉಳಿದ ಸುದ್ದಿ ಕಹಿಯಾದರೂ ಎರಡನೆಯ ದಿನ ತಿಳಿದರೆ ಪುನಃ ಬಿತ್ತನೆಗೆ ಅವಕಾಶವಿದೆ. ಎರಡನೆಯ ತಿಂಗಳು ತಿಳಿದರೆ ಸಾಲ ಮಾತ್ರ ಉಳಿಯುತ್ತದೆ.

ಸೀಗಡಿ ಕೃಷಿ ಕೈಗೊಳ್ಳುವವರು 2005ರ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯಿದೆಯಂತೆ ನೋಂದಣಿ ಮಾಡಿಸಿಕೊಳ್ಳಬೇಕೆಂಬುದನ್ನೂ ಮರೆಯಬಾರದು. ಒಂದು ಲವಣಮಾಪಕ, ಒಂದು ಉಷ್ಣಮಾಪಕ, ಒಂದು ಪ್ಲಾಸ್ಟಿಕ್ ತೊಟ್ಟಿ, ಒಂದು ಬಲೆಚೀಲ ಇಷ್ಟೇ ಬಿತ್ತನೆಯ ದಿನದ ಸಲಕರಣೆಗಳು. ಇವುಗಳಿಗೆ ರೈತನ ತಾಳ್ಮೆ ಸೇರಿದರೆ ಮರಿಗಳು ಹೊಸ ನೀರನ್ನು ತಮ್ಮದಾಗಿಸಿಕೊಳ್ಳುವುದರಲ್ಲಿ ಸಂದೇಹವಿಲ್ಲ.