ಕೊಡದ ಪಟ್ಟಿ ಮತ್ತು ಖಾಲಿ ಪಟ್ಟಿ: ಕ್ರಮವಿಧಿ ರಚನೆಯಲ್ಲೊಂದು ಪಾಠ

ಗಣಕಯಂತ್ರಕ್ಕಾಗಿ ಕ್ರಮವಿಧಿಯನ್ನು ರಚಿಸುವಾಗ, ಪದೇ ಪದೇ ಬೇಕಾಗುವ ಕಾರ್ಯವನ್ನು ಹೆಸರಿಟ್ಟು ಒಂದೆಡೆ ಬರೆದಿಡುವುದು ವಾಡಿಕೆ. ಇದಕ್ಕೆ ಫಂಕ್ಷನ್ ಎಂದು ಹೆಸರು. ಹೊರಗಿನಿಂದ ಬರುವ ಸಾಮಗ್ರಿಯನ್ನು ಅದು ಸ್ವೀಕರಿಸುವ ಸ್ಥಾನವೇ ಪ್ಯಾರಾಮೀಟರ್. ಇಂತಹ ಸ್ಥಾನಗಳಲ್ಲಿ ಕೆಲವು ಐಚ್ಛಿಕವಾಗಿರುತ್ತವೆ. ಕರೆದವರು ಏನನ್ನೂ ಕೊಡದಿದ್ದಲ್ಲಿ ಫಂಕ್ಷನ್ನು ಮೊದಲೇ ಗೊತ್ತುಮಾಡಿದ ಬೆಲೆಯನ್ನು, ಅಂದರೆ ಡಿಫಾಲ್ಟ್ ಬೆಲೆಯನ್ನು, ಬಳಸಿಕೊಳ್ಳುತ್ತದೆ. ಆ ಬೆಲೆ ಕೇವಲ ಒಂದು ಸಂಖ್ಯೆಯಾಗಿದ್ದರೆ ತೊಡಕಿಲ್ಲ. ಅನೇಕ ಬೆಲೆಗಳನ್ನು ಸಾಲಾಗಿ ಹಿಡಿದಿಡುವ ಅರೇ, ಎಂದರೆ ಪಟ್ಟಿ, ಆಗಿದ್ದರೆ ವಿಶೇಷ ಎಚ್ಚರಿಕೆ ಅವಶ್ಯ.

ಈ ಎಚ್ಚರಿಕೆಯ ಅಗತ್ಯವನ್ನು ದಕ್ಷಿಣ ಕೊಡಗಿನ ಪಾಲಿಬೆಟ್ಟದ ಸುತ್ತಣ ಕಾಫಿ ತೋಟಗಳ ಒಂದು ನಿತ್ಯವ್ಯವಹಾರದಿಂದ ಮನಗಾಣಬಹುದು. ತೋಟಗಳಲ್ಲಿ ಮಳೆಮಾಪಕವನ್ನು ದಿನವೂ ನೋಡಿ, ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ ಬರೆದಿಡುವ ಪದ್ಧತಿ ಬಹುಕಾಲದಿಂದ ಬಂದಿದೆ. ನೂರು ಸೆಂಟಿಗೆ ಒಂದು ಇಂಚು. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ರೊಬಸ್ಟಾ ಗಿಡಗಳ ಮೊಗ್ಗು ಅರಳಲು ಸುಮಾರು ಒಂದು ಇಂಚು ಹೂಮಳೆ ಬೇಕು. ಅದು ಬಾರದಿದ್ದರೆ ಅಥವಾ ಸಾಲದಿದ್ದರೆ ಸ್ಪ್ರಿಂಕ್ಲರ್‌ಗಳಿಂದ ನೀರು ಹಾಯಿಸಬೇಕು. ಈ ನಿರ್ಣಯದಲ್ಲಿ ತಪ್ಪಿದರೆ ಇಡೀ ವರ್ಷದ ಫಸಲಿಗೇ ಪೆಟ್ಟು.

ಒಂದು ಬ್ಲಾಕಿನ ಮಳೆಯ ಅಳತೆಯನ್ನು ಪಟ್ಟಿಗೆ ಸೇರಿಸಿ, ಆ ಪಟ್ಟಿಯನ್ನು ಹಿಂದಿರುಗಿಸುವ ಫಂಕ್ಷನ್ ಒಂದನ್ನು ಪೈಥಾನ್ ಭಾಷೆಯಲ್ಲಿ ಬರೆದಿದೆ ಎಂದು ಭಾವಿಸಬಹುದು. ಹಿಂದಿನ ದಿನಗಳ ಪಟ್ಟಿ ಅದರ ಐಚ್ಛಿಕ ಪ್ಯಾರಾಮೀಟರ್; ಕೊಡದಿದ್ದರೆ ಖಾಲಿ ಪಟ್ಟಿಯೇ ಡಿಫಾಲ್ಟ್. ಮೊದಲ ಬ್ಲಾಕಿಗಾಗಿ ಕರೆದು 70 ಸೆಂಟನ್ನು ಸೇರಿಸಲಾಯಿತು. ಅನಂತರ ಎರಡನೆಯ ಬ್ಲಾಕಿಗಾಗಿ ಕರೆದು 40 ಸೆಂಟನ್ನು ಸೇರಿಸಲಾಯಿತು. ಎರಡು ಸಲವೂ ಹಿಂದಿನ ಪಟ್ಟಿಯನ್ನು ಕೊಟ್ಟಿಲ್ಲ. ಆದರೂ ಎರಡನೆಯ ಬ್ಲಾಕಿನ ಮೊತ್ತ 40ರ ಬದಲು 110 ಎಂದು ಬರುತ್ತದೆ. ಒಂದು ಇಂಚು ದಾಟಿತೆಂದು ತಿಳಿದು ಸ್ಪ್ರಿಂಕ್ಲರ್ ಹಾಕದಿದ್ದರೆ, ಆ ಬ್ಲಾಕಿನ ಮೊಗ್ಗುಗಳಿಗೆ ಬೇಕಾದ ನೀರು ದೊರೆಯುವುದೇ ಇಲ್ಲ.

ಇದಕ್ಕೆ ಕಾರಣ ಸರಳವಾದುದು. ಪೈಥಾನ್ ಡಿಫಾಲ್ಟ್ ಬೆಲೆಯನ್ನು ಫಂಕ್ಷನ್ನಿನ ವ್ಯಾಖ್ಯೆಯನ್ನು ಓದುವಾಗ ಒಮ್ಮೆ ಮಾತ್ರ ಸೃಷ್ಟಿಸುತ್ತದೆ. ಪ್ರತಿ ಕರೆಗೂ ಹೊಸದಾಗಿ ಸೃಷ್ಟಿಸುವುದಿಲ್ಲ. ಪಟ್ಟಿಯು ಬದಲಾಗಬಲ್ಲ ವಸ್ತುವಾದುದರಿಂದ ಮೊದಲ ಕರೆಯಲ್ಲಿ ಬರೆದದ್ದು ಅದರಲ್ಲೇ ಉಳಿಯುತ್ತದೆ. ಎಲ್ಲ ಬ್ಲಾಕುಗಳ ಲೆಕ್ಕವನ್ನೂ ಒಂದೇ ಹಾಳೆಯಲ್ಲಿ ಬರೆದಂತೆ ಇದು.

ಪರಿಹಾರವೂ ಸುಲಭ. ಡಿಫಾಲ್ಟ್ ಸ್ಥಾನದಲ್ಲಿ ಪಟ್ಟಿಯ ಬದಲು, ಏನೂ ಇಲ್ಲವೆಂಬುದನ್ನು ಸೂಚಿಸುವ ‘ನನ್’ ಎಂಬ ಬೆಲೆಯನ್ನಿಟ್ಟು, ಅದು ಕಂಡಾಗ ಫಂಕ್ಷನ್ನಿನ ಒಳಗೇ ಹೊಸ ಪಟ್ಟಿಯನ್ನು ರಚಿಸಬೇಕು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮಳೆಪುಸ್ತಕದಲ್ಲಿ ಸೊನ್ನೆ ಬರೆದ ದಿನವೇ ಬೇರೆ, ಅಳೆಯದೆ ಬಿಟ್ಟ ದಿನವೇ ಬೇರೆ. ಅಂತೆಯೇ ಖಾಲಿ ಪಟ್ಟಿಯನ್ನು ಕೊಡುವುದೂ ಪಟ್ಟಿಯನ್ನೇ ಕೊಡದಿರುವುದೂ ಒಂದೇ ಆಗದು. ‘ಪಟ್ಟಿಯಲ್ಲಿ ಏನಾದರೂ ಇದೆಯೇ’ ಎಂದು ಪರೀಕ್ಷಿಸಿದರೆ ಇವೆರಡೂ ಒಂದಾಗಿಬಿಡುತ್ತವೆ. ಆಗ ಕರೆದವನು ತುಂಬಿಸಲೆಂದು ಕೊಟ್ಟ ಖಾಲಿ ಪಟ್ಟಿ ಖಾಲಿಯಾಗಿಯೇ ಉಳಿದು, ಅಳತೆಗಳು ಬೇರೊಂದು ಪಟ್ಟಿಗೆ ಸೇರುತ್ತವೆ. ಆದುದರಿಂದ ಬಂದ ಬೆಲೆ ‘ನನ್’ ಹೌದೇ ಎಂದೇ ಕೇಳಬೇಕು.

ಈ ವಿಷಯದಲ್ಲಿ ಎಲ್ಲ ಭಾಷೆಗಳ ನಿಯಮ ಒಂದೇ ಬಗೆಯದಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ 2015ರ ಪ್ರಮಾಣಗ್ರಂಥದೊಡನೆ ಬಂದ ಡಿಫಾಲ್ಟ್ ಬೆಲೆಯು ಅಗತ್ಯಬಿದ್ದ ಪ್ರತಿ ಕರೆಯಲ್ಲೂ ಹೊಸದಾಗಿ ರೂಪುಗೊಳ್ಳುತ್ತದೆ. ಆದರೆ ‘ನಲ್’ ಎಂಬ ಬೆಲೆಯನ್ನು ಕೊಟ್ಟರೆ ಅದನ್ನೇ ಸ್ವೀಕರಿಸಿ, ಡಿಫಾಲ್ಟನ್ನು ಬಳಸುವುದಿಲ್ಲ. ಸಿ-ಶಾರ್ಪ್‌ನಲ್ಲಿ ಐಚ್ಛಿಕ ಅರೇಗೆ ‘ನಲ್’ ಹೊರತು ಬೇರೆ ಡಿಫಾಲ್ಟ್ ಬೆಲೆಯನ್ನಿಡಲು ಆಸ್ಪದವಿಲ್ಲ. ಫೋರ್ಟ್ರಾನ್ 90 ಭಾಷೆಯಾದರೋ ಐಚ್ಛಿಕ ಸಾಮಗ್ರಿ ಬಂದಿದೆಯೇ ಎಂದು ನೇರವಾಗಿ ಕೇಳಲು ‘ಪ್ರೆಸೆಂಟ್’ ಎಂಬ ಸಾಧನವನ್ನೇ ಒದಗಿಸಿತು.

ಪಾಠ ಹೇಳುವ ಉಪಾಧ್ಯಾಯರು ಇಂತಹ ಫಂಕ್ಷನ್ನನ್ನು ಮೂರು ಬಗೆಯಲ್ಲಿ ಪರೀಕ್ಷಿಸುವಂತೆ ವಿದ್ಯಾರ್ಥಿಗಳಿಗೆ ವಿಧಿಸುವುದು ಲೇಸು: ಪಟ್ಟಿಯನ್ನು ಕೊಡದೆ ಒಂದಾದ ಮೇಲೊಂದರಂತೆ ಎರಡು ಸಲ ಕರೆಯುವುದು, ಖಾಲಿ ಪಟ್ಟಿಯನ್ನು ಕೊಟ್ಟು ಕರೆಯುವುದು, ತುಂಬಿದ ಪಟ್ಟಿಯನ್ನು ಕೊಟ್ಟು ಕರೆಯುವುದು. ಮೊದಲನೆಯ ಪರೀಕ್ಷೆಯಲ್ಲಿ ಒಮ್ಮೆ ಮಾತ್ರ ಕರೆದು ನಿಲ್ಲಿಸಿದರೆ ದೋಷವು ಕಾಣಿಸಿಕೊಳ್ಳುವುದೇ ಇಲ್ಲ. ಎರಡನೆಯ ಕರೆಯ ಉತ್ತರವನ್ನು ಕೈಲೆಕ್ಕದೊಡನೆ ತಾಳೆನೋಡುವ ಅಭ್ಯಾಸವು ವಿದ್ಯಾರ್ಥಿ ದೆಸೆಯಲ್ಲೇ ಬೇರೂರಿದರೆ, ಮುಂದೆ ಅವರ ಲೆಕ್ಕವನ್ನು ನಂಬಿ ನಡೆಯುವ ಕೃಷಿಕನಿಗೆ ಅದರಿಂದ ನಿಜವಾದ ಉಪಕಾರವಾದೀತು.